ಬನ್ಸಿ ರವೆಯ ಹಾಳೆಯಲ್ಲಿ ಲಸಾನ್ಯ: ನನ್ನ ಅನುಭವ

ಮೊಟ್ಟೆ ಹಾಕದೆ, ಹೊರದೇಶದ ಹಿಟ್ಟು ತರಿಸದೆ, ಕಾಸರಗೋಡು ಜಿಲ್ಲೆಯ ನೀರ್ಚಾಲಿನಂಥ ಊರಿನ ಅಡುಗೆಮನೆಯಲ್ಲಿ ಲಸಾನ್ಯದ (ಪಾಸ್ತಾ ಹಾಳೆಗಳ ನಡುವೆ ಸಾಸು, ಚೀಸು ಹರಡಿ ಓವನ್ನಿನಲ್ಲಿ ಬೇಯಿಸುವ ಇಟಲಿಯ ತಿನಿಸು) ಹಾಳೆ ಮಾಡಲು ಸಾಧ್ಯವೇ ಇಲ್ಲವೆಂದು ನನಗೆ ಹೇಳಿದವರು ಅನೇಕರು. ಬೆಂಗಳೂರಿನಲ್ಲಿ ಬೇಕರಿ ಕೆಲಸ ಕಲಿತ ನನ್ನ ನಾದಿನಿಯೂ ಅವರಲ್ಲಿ ಒಬ್ಬಳು. ನಾನು ಮನೆಯಲ್ಲೇ ಲಸಾನ್ಯ ಮಾಡಿ ಮಾರುತ್ತೇನೆ; ಈಗ ವರ್ಷಕ್ಕೂ ಮೇಲ್ಪಟ್ಟು ನನ್ನ ಆರ್ಡರುಗಳೆಲ್ಲ ಬನ್ಸಿ ರವೆಯ ಹಾಳೆಗಳಲ್ಲೇ ಹೋಗುತ್ತಿವೆ. ಸಾಸು, ಚೀಸು, ಓವನ್ನಿನ ವಿಚಾರ ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಹಾಳೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ಅಂಗಡಿಯ ಹಾಳೆಗಳ ಲೆಕ್ಕ. ಮಂಗಳೂರಿಗೆ ಹೋದಾಗಲೆಲ್ಲ ಅರ್ಧ ಕಿಲೋದ ಪೆಟ್ಟಿಗೆಗಳನ್ನು ತರುತ್ತಿದ್ದೆ. ಒಂದಕ್ಕೆ 350ರಿಂದ 400 ರೂಪಾಯಿ ಬೀಳುತ್ತಿತ್ತು. ರೈಲಿನ ನೂಕುನುಗ್ಗಲನ್ನು ದಾಟಿ ಮನೆ ಸೇರುವಷ್ಟರಲ್ಲಿ ಕಾಲುಭಾಗ ಮುರಿದಿರುತ್ತಿತ್ತು. ಕುದಿಸಿ ಬಳಸುವ ಹಾಳೆ, ಕುದಿಸದೆ ನೇರವಾಗಿ ಜೋಡಿಸುವ ಹಾಳೆ ಎಂಬ ಎರಡು ಬಗೆಗಳಲ್ಲಿ ಎರಡನೆಯದು ಸುಲಭವೆಂದು ಹೆಚ್ಚಿನವರು ಅದನ್ನೇ ಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಅರೆಬೇಯಿಸಿ ಒಣಗಿಸಿದ ಆ ತೆಳು ಹಾಳೆಯು ತನಗೆ ಬೇಕಾದ ನೀರನ್ನೆಲ್ಲ ಸಾಸಿನಿಂದಲೇ ಎಳೆದುಕೊಳ್ಳುವುದರಿಂದ, ಒಂದು ಲೀಟರ್ ಹಾಲಿನ ಬಿಳಿ ಸಾಸಿಗೆ ಇನ್ನೂ ಕಾಲು ಲೀಟರಿನಷ್ಟು ಹಾಲು ಸೇರಿಸಿ ತೆಳುವಾಗಿಸಬೇಕು, ಹಾಳೆಯ ಅಂಚಿನವರೆಗೂ ಅದನ್ನು ಹರಡಬೇಕು; ಇಲ್ಲವಾದರೆ ಮೂಲೆಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಫಾಯಿಲು ಮುಚ್ಚಿ 180 ಡಿಗ್ರಿಯಲ್ಲಿ ಅರ್ಧ ಗಂಟೆ, ಅದನ್ನು ತೆಗೆದು ಮತ್ತೆ ಹತ್ತು-ಹದಿನೈದು ನಿಮಿಷ ಇಟ್ಟರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಆರು ಜನರ ಟ್ರೇ ಒಂದಕ್ಕೆ ಹಾಳೆಗೇ 200 ರೂಪಾಯಿಯಷ್ಟು ಹೋದರೆ, ಚೀಸಿನ ಬೆಲೆಯನ್ನೂ ಕಳೆದು, 750 ರೂಪಾಯಿಗೆ ಮಾರುವ ಟ್ರೇಯಲ್ಲಿ ಉಳಿಯುವುದು ಬಹಳ ಕಡಿಮೆ.

ಉತ್ತರ ಇಟಲಿಯ ಬೊಲೊನ್ಯಾ ಕಡೆಯವರು ಮೆದು ಗೋಧಿಯ ಹಿಟ್ಟನ್ನು 100 ಗ್ರಾಮಿಗೆ ಒಂದು ಮೊಟ್ಟೆಯಂತೆ ನಾದುತ್ತಾರೆ. ದಕ್ಷಿಣ ಇಟಲಿಯಲ್ಲಿ ಡ್ಯೂರಮ್ ಎಂಬ ಗಡಸು ಗೋಧಿಯ ರವೆ ಮತ್ತು ನೀರು, ಇವೆರಡೇ ಸಾಕು. ನಮ್ಮ ಮನೆಯಲ್ಲಿ ಮೊಟ್ಟೆಯ ಬಳಕೆ ಇಲ್ಲದ ಕಾರಣ ನಾನು ದಕ್ಷಿಣದ ದಾರಿಯನ್ನೇ ಹಿಡಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಜ್ಜಿಗೆಯ (ಉಪ್ಪಿಟ್ಟಿನ) ರವೆಯಿಂದ ಆರಂಭಿಸಿದಾಗ ಹಿಟ್ಟು ಕೂಡಿಕೊಳ್ಳಲೇ ಇಲ್ಲ. ಹುರಿದು ಮಾರುವ ರವೆಯಲ್ಲಿ ಬಿಸಿಗೆ ಅಂಟಿನ ಗುಣವೇ ಕೆಟ್ಟಿರುತ್ತದೆ, ಎಷ್ಟು ನಾದಿದರೂ ಪ್ರಯೋಜನವಿಲ್ಲ. ಚಿರೋಟಿ ರವೆ ಸುಲಭವಾಗಿ ಲಟ್ಟಿಸಿಕೊಂಡಿತು, ಆದರೆ ಓವನ್ನಿನಲ್ಲಿ ಪದರಗಳು ಒಂದಕ್ಕೊಂದು ಬೆರೆತು ಮುದ್ದೆಯಾದವು. ಮೈದಾ ಬೆರೆಸಿದ್ದೂ ಹಾಗೆಯೇ. ಕೊನೆಗೆ ಮಂಗಳೂರಿನ ಬಂದರಿನ ದಿನಸಿ ಅಂಗಡಿಯೊಂದರಿಂದ ಹುರಿಯದ ಬನ್ಸಿ ರವೆಯನ್ನು ಕಿಲೋಗೆ ಸುಮಾರು 75 ರೂಪಾಯಿಯಂತೆ ತಂದೆ. ಬನ್ಸಿ ಎಂಬುದು ಡ್ಯೂರಮ್ ಗೋಧಿಯೇ; ಕಾಳು ಗಾಜಿನಂತೆ ಗಡಸು, ರವೆಗೆ ಸಹಜವಾದ ನಸುಹಳದಿ ಬಣ್ಣ.

ಈ ರವೆಯನ್ನು ಹಾಗೆಯೇ ಕಲಸಿದರೆ ಹಾಳೆ ಮರಳುಮರಳಾಗಿ ಹರಿಯುತ್ತದೆ. ಮಿಕ್ಸಿಯಲ್ಲಿ ಸ್ವಲ್ಪಸ್ವಲ್ಪವಾಗಿ, ಜಾರು ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ಪುಡಿಮಾಡಿ, ಮೈದಾ ಜರಡಿಯಲ್ಲಿ ಜರಡಿ ಹಿಡಿಯಬೇಕು. ಅರ್ಧ ಕಿಲೋಗೆ 240 ಮಿಲಿಲೀಟರಿನಷ್ಟು ಉಗುರುಬೆಚ್ಚಗಿನ ನೀರು ಸಾಕು. ಮಳೆಗಾಲದಲ್ಲಿ ಒಂದೆರಡು ಚಮಚ ಕಡಿಮೆ. ಉಪ್ಪು, ಎಣ್ಣೆ ಬೇಡ. ಆರಂಭದಲ್ಲಿ ಹಿಟ್ಟು ಒಣಗಿದಂತೆ ಕಂಡರೂ ನೀರು ಹೆಚ್ಚಿಸಬಾರದು. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಇಟ್ಟರೆ ತಾನಾಗಿಯೇ ಮೆದುವಾಗುತ್ತದೆ. ನಾದುವ ನೀರಿಗೆ ನಾನು ಇನ್ನೊಂದು ವಸ್ತುವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದಿಲ್ಲದೆಯೂ ಹಾಳೆ ಆಗುತ್ತದೆ.

ಹಲಸಿನ ಹಪ್ಪಳ ಒತ್ತುವ ಮಣೆ ಮನೆಯಲ್ಲಿದ್ದುದರಿಂದ ಅದರಲ್ಲೂ ಪ್ರಯತ್ನಿಸಿದೆ. ಹಲಸಿನ ಹಿಟ್ಟಿನಲ್ಲಿ ಹಿಂದಕ್ಕೆ ಎಳೆಯುವ ಗುಣವಿಲ್ಲ, ಒತ್ತಿದಷ್ಟು ಅಗಲವಾಗಿಯೇ ನಿಲ್ಲುತ್ತದೆ; ಗೋಧಿಯ ಹಿಟ್ಟು ಮಣೆ ತೆಗೆದ ಕೂಡಲೇ ಕುಗ್ಗಿ ಮತ್ತೆ ದಪ್ಪವಾಗುತ್ತದೆ. ಲಟ್ಟಣಿಗೆಯಲ್ಲಿ ಒಂದು ಟ್ರೇಗೆ ಬೇಕಾದಷ್ಟು ಮಾಡುವಾಗ ತೋಳು ಸೋಲುತ್ತದೆ. ಆದ್ದರಿಂದ 2500 ರೂಪಾಯಿಯ ಆಸುಪಾಸಿನಲ್ಲಿ ಹಾಳೆ ಲಟ್ಟಿಸುವ, ಕೈಯಿಂದ ತಿರುಗಿಸುವ ಯಂತ್ರವನ್ನು ಕೊಂಡೆ. ಅತಿ ತೆಳು ಮಾಡುವ ಆಸೆ ಬೇಡ. ಮೊಟ್ಟೆಯಿಲ್ಲದ ಹಾಳೆಗೆ ಒಂದು ಮಿಲಿಮೀಟರ್ ದಪ್ಪ ಬೇಕೇ ಬೇಕು. ನೀರಿನಲ್ಲಿ ಬೆಂದಾಗ ಹಿಗ್ಗುವುದರಿಂದ ಟ್ರೇಯ ಅಳತೆಗಿಂತ ಸುತ್ತಲೂ ಒಂದು ಬೆರಳಿನಷ್ಟು ಸಣ್ಣದಾಗಿ ಕತ್ತರಿಸಿಕೊಳ್ಳಿ.

ನನ್ನನ್ನು ಹೆಚ್ಚು ಕಾಡಿದ್ದು ಒಣಗಿಸುವ ಕೆಲಸ. ಏಪ್ರಿಲಿನ ಬಿಸಿಲಿನಲ್ಲಿ ಹಪ್ಪಳದ ಚಾಪೆಯ ಮೇಲೆ ಹರಡಿದ ಹಾಳೆಗಳು ಸಂಜೆಯೊಳಗೆ ಬಿರುಕು ಬಿಟ್ಟವು. ಹೊರಮೈ ಒಣಗಿ ಬಿಗಿದಾಗ ಒಳಗಿನ್ನೂ ತೇವವಿದ್ದು, ಆ ಎಳೆತಕ್ಕೆ ಹಾಳೆ ಸೀಳುತ್ತದೆ. ಪಾಸ್ತಾಕ್ಕೆ ಹೆಸರಾದ ನೇಪಲ್ಸ್ ಬಳಿಯ ಗ್ರಾನ್ಯಾನೊ ಊರಿನಲ್ಲಿಯೂ ಹಿಂದೆ ಗಾಳಿಯಲ್ಲಿ ನಿಧಾನವಾಗಿಯೇ ಒಣಗಿಸುತ್ತಿದ್ದರು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜುಲೈ ತಿಂಗಳಿನಲ್ಲಿ ಇದರ ಉಲ್ಟಾ: ಮೂರನೆಯ ದಿನಕ್ಕೆ ಬೂಸ್ಟು. ಆ ಒಂದು ಮಳೆಗಾಲದಲ್ಲೇ ರವೆ, ಗ್ಯಾಸು ಸೇರಿ ಸಾವಿರದಷ್ಟು ರೂಪಾಯಿ ನೀರುಪಾಲಾಯಿತು. ಪೂರ್ತಿ ಒಣಗಿಸುವ ಯೋಚನೆಯನ್ನೇ ಬಿಟ್ಟ ಮೇಲೆ ಕೆಲಸ ಕೈಹತ್ತಿತು. ಈಗ ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ, ಮಗುಚಿ ಮತ್ತೆ ಹತ್ತು ನಿಮಿಷ. ಮುಟ್ಟಿದರೆ ಅಂಟಬಾರದು, ಮಡಿಸಿದರೆ ಮುರಿಯಬಾರದು.

ಇಂಥ ಹಾಳೆಯನ್ನು ಕುದಿಸದೆ ಜೋಡಿಸಬಹುದು ಎನ್ನುವವರಿದ್ದಾರೆ. ನನ್ನ ಕೈಯಲ್ಲಿ ಅದು ಹಿಟ್ಟುಹಿಟ್ಟಾಗಿಯೇ ಉಳಿಯಿತು. ದೊಡ್ಡ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಚೆನ್ನಾಗಿ ಮರಳುವಾಗ ಮೂರು ನಾಲ್ಕರಂತೆ ಬಿಟ್ಟು, ಒಂದು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ, ಬೈರಾಸಿನ (ಟವೆಲಿನ) ಮೇಲೆ ಬಿಡಿಬಿಡಿಯಾಗಿ ಹರಡುತ್ತೇನೆ. ಮೇಲಿನ ನೀರನ್ನು ಒತ್ತಿ ತೆಗೆಯದಿದ್ದರೆ ಪದರಗಳು ಜಾರುತ್ತವೆ. ಓವನ್ನಿನಿಂದ ಇಳಿಸಿದ ಟ್ರೇಯನ್ನು ಕಾಲು ಗಂಟೆ ಮುಟ್ಟದೆ ಬಿಟ್ಟರೆ ಕತ್ತರಿಸಿದ ತುಂಡಿನಲ್ಲಿ ಒಂದೊಂದು ಹಾಳೆಯೂ ಎಣಿಸುವಂತೆ ನಿಲ್ಲುತ್ತದೆ.

ಈ ನಡುವೆ ಬೇರೆ ಹಾಳೆಗಳನ್ನೂ ಮಾಡಿ ನೋಡಿದೆ. ಕೆಂಪು ಹರಿವೆಯ ರಸದಲ್ಲಿ ನಾದಿದ ಹಾಳೆ ಹಸಿಯಾಗಿದ್ದಾಗ ಬಹಳ ಸುಂದರ, ಆದರೆ ಆ ಬಣ್ಣ ಬಿಸಿಗೆ ನಿಲ್ಲದು. ಬೆಂದ ಮೇಲೆ ಮಾಸಲು ಕಂದು. ಹಸಿರು ಹರಿವೆಯನ್ನು ಬೇಯಿಸಿ, ಬಿಗಿಯಾಗಿ ಹಿಂಡಿ, ರುಬ್ಬಿ ಹಾಕಿದ ಹಾಳೆ ಮಾತ್ರ ಬೊಲೊನ್ಯಾದ ಪಾಲಕ್ ಹಾಳೆಗೆ ಸಾಟಿಯಾಗಿತ್ತು ಎಂದು ಧೈರ್ಯವಾಗಿ ಹೇಳುತ್ತೇನೆ. ಕುಚ್ಚಿಲಕ್ಕಿ ಹಿಟ್ಟಿನದು ನೀರಿಗೆ ಬಿಟ್ಟೊಡನೆ ಚೂರಾಯಿತು. ಗುಜ್ಜೆಯ (ಎಳೆ ಹಲಸಿನಕಾಯಿಯ) ಪೂರಣ ಹಾಕುವುದಾದರೆ ಅದೂ ಸಾಸನ್ನು ಹೀರುವುದರಿಂದ ಹಾಳೆಯನ್ನು ಅರ್ಧ ನಿಮಿಷ ಹೆಚ್ಚು ಕುದಿಸಿ.

ಈಗ ಒಂದು ಟ್ರೇಯ ಹಾಳೆಗೆ ಗ್ಯಾಸೂ ಸೇರಿ 30 ರೂಪಾಯಿ ದಾಟುವುದಿಲ್ಲ; ಯಂತ್ರದ ದುಡ್ಡು ಮೂರು ನಾಲ್ಕು ತಿಂಗಳಲ್ಲೇ ಮರಳಿ ಬಂತು. ಗಲ್ಫಿನಿಂದ ರಜೆಗೆ ಬಂದು ಆರ್ಡರು ಕೊಟ್ಟವರೊಬ್ಬರು ಹಾಳೆಯನ್ನು ಎಲ್ಲಿಂದ ತರಿಸುತ್ತೀರೆಂದು ಫೋನು ಮಾಡಿ ಕೇಳಿದರು. ನಾದಿನಿ ಕಳೆದ ರಜೆಯಲ್ಲಿ ಎರಡು ಕಿಲೋ ಬನ್ಸಿ ರವೆಯನ್ನು ನನ್ನಿಂದಲೇ ಕಟ್ಟಿಸಿಕೊಂಡು ಹೋಗಿದ್ದಾಳೆ. ಮುಂಚಿತವಾಗಿ ಮಾಡಿಡುವುದಿದ್ದರೆ ಕುದಿಸದ ಹಾಳೆಗಳ ನಡುವೆ ಒರಟು ರವೆ ಉದುರಿಸಿ, ಬೆಣ್ಣೆಕಾಗದವಿಟ್ಟು ಫ್ರೀಜರಿನಲ್ಲಿಡಿ. ತಿಂಗಳವರೆಗೆ ಕೆಡುವುದಿಲ್ಲ, ಕರಗಿಸದೆ ಹಾಗೆಯೇ ಕುದಿಯುವ ನೀರಿಗೆ ಬಿಡಬಹುದು.