ತೂತಿಲ್ಲದ ಎಂಟಿಬಿಗೆ ಮಡ್‌ಗಾರ್ಡ್: ಹಳೆ ಟ್ಯೂಬಿನ ತುಂಡು ಸಾಕು

ದಿನಾ ಕೆಲಸಕ್ಕೆ ಓಡಿಸುವ ಮೌಂಟನ್ ಬೈಕಿಗೆ (ಎಂಟಿಬಿ, ಅಂದರೆ ಗುಡ್ಡಗಾಡಿನ ದಪ್ಪ ಟೈರಿನ ಸೈಕಲ್ಲಿಗೆ) ಉದ್ದನೆಯ ಮಡ್‌ಗಾರ್ಡ್ ಬೇಕು, ಆದರೆ ಫ್ರೇಮಿನಲ್ಲಿ ಬೋಲ್ಟ್ ಕೂರಿಸಲು ತೂತೇ ಇಲ್ಲ ಅನ್ನುವವರು ಹೀಗೆ ಮಾಡಿ: ಹಳೆ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಫ್ರೇಮಿನ ಪೈಪಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಅದರ ಮೇಲೆ ಪಿ ಆಕಾರದ ಕ್ಲಿಪ್ ಹಾಕಿ, ಮಡ್‌ಗಾರ್ಡಿನ ಕಡ್ಡಿಯನ್ನು ಅದಕ್ಕೆ ಬೋಲ್ಟ್ ಮಾಡಿ. ನುಣುಪಾದ ಪೇಂಟ್ ಮೇಲೆ ಬರೀ ಕ್ಲಿಪ್ ಜಾರುತ್ತದೆ. ರಬ್ಬರ್ ಇದ್ದರೆ ಹಿಡಿತ ಸಿಗುತ್ತದೆ, ಅದುರುವಿಕೆಯನ್ನೂ ಅದೇ ನುಂಗುವುದರಿಂದ ಬೋಲ್ಟ್ ಬೇಗ ಸಡಿಲವಾಗುವುದಿಲ್ಲ. ಬರೀ ಕೇಬಲ್ ಟೈ ನಂಬಬೇಡಿ. ಅದರಡಿ ಸೇರಿದ ಮಣ್ಣು ಉಪ್ಪುಕಾಗದದ ಹಾಗೆ ಪೇಂಟ್ ಉಜ್ಜಿಹಾಕುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಕಿರುಬೆರಳು ಸರಾಗವಾಗಿ ತೂರುವಷ್ಟು, ಅಂದರೆ 12ರಿಂದ 15 ಮಿ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಮೇಲೆ ಉಬ್ಬುಗಳಿರುವ ಟೈರು ಎತ್ತಿ ತರುವ ಕಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಗಲವೂ ನೋಡಿ: 2.1 ಇಂಚಿನ ಟೈರು ಸುಮಾರು 53 ಮಿ.ಮೀ., ಮಡ್‌ಗಾರ್ಡ್ ಕನಿಷ್ಠ 60 ಇರಲಿ. ಮುಂದಿನದರ ಕೆಳತುದಿಗೆ ಉಳಿದ ಟ್ಯೂಬಿನದೇ ಒಂದು ತುಂಡು ಇಳಿಬಿಡಿ. ಶೂ, ಚೈನು ಎರಡೂ ಒದ್ದೆಯಾಗುವುದು ಎಷ್ಟು ಕಡಿಮೆಯಾಗುತ್ತದೆ ಅಂತ ಮೊದಲ ಮಳೆಗೇ ತಿಳಿಯುತ್ತದೆ. ಕಾರ್ಬನ್ ಫ್ರೇಮಿಗೆ ಮಾತ್ರ ಇದು ಬೇಡ, ಕ್ಲಿಪ್ಪಿನ ಒತ್ತಡಕ್ಕೆ ಪೈಪು ಸೀಳಬಹುದು. ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ, ಗುಂಡಿಗೆ ಇಳಿದಾಗ ಸ್ಪ್ರಿಂಗಿನಂತೆ ಅದುಮುವ ಕವಲು) ಇದ್ದರೆ ಮಡ್‌ಗಾರ್ಡಿನ ಎಲ್ಲಾ ಹಿಡಿತಗಳೂ ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಕೆಳಗಿನ ಕಾಲುಗಳಿಗೇ ಇರಬೇಕು. ಒಂದು ಹಿಡಿತ ಮೇಲ್ಭಾಗಕ್ಕೆ ಹೋದರೂ ಗುಂಡಿಗೆ ಇಳಿದಾಗ ಮಡ್‌ಗಾರ್ಡ್ ಮಡಚಿ ಟೈರಿಗೆ ಸಿಕ್ಕುತ್ತದೆ, ಮುಂದಿನ ಚಕ್ರ ಹಿಡಿದುಕೊಂಡರೆ ನೇರ ಮುಗ್ಗರಿಸುವುದೇ.