ಸರ್ಕಾರಿ ಟೆಂಡರ್ ಹಾಕ್ತೀರಾ? ಮೊದಲ ಕವರ್ ಸರಿ ಮಾಡಿಕೊಳ್ಳಿ

ಬೀರು, ಬೆಂಚು ಮಾಡುವ ಸಣ್ಣ ವರ್ಕ್‌ಶಾಪ್‌ನವರು ಸರ್ಕಾರಿ ಟೆಂಡರ್‌ನಲ್ಲಿ ಸೋಲುವುದು ಹೆಚ್ಚಾಗಿ ರೇಟಿನಿಂದಲ್ಲ, ಕಾಗದಪತ್ರದಿಂದ. ಅವರ ರೇಟನ್ನು ಯಾರೂ ತೆರೆದೇ ನೋಡಿರುವುದಿಲ್ಲ.

ಕರ್ನಾಟಕದಲ್ಲಿ ಸರ್ಕಾರಿ ಖರೀದಿ ನಡೆಯುವುದು 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ಪ್ರಕಾರ. ಟೆಂಡರ್ ಕರೆಯುವುದು ಆಯಾ ಇಲಾಖೆ. ನೀವು ಹಾಕಬೇಕಾದ್ದು ಕೆಪಿಪಿಪಿ ಪೋರ್ಟಲ್‌ನಲ್ಲಿ, ಅಂದ್ರೆ ರಾಜ್ಯದ ಸರ್ಕಾರಿ ಖರೀದಿಯ ವೆಬ್‌ಸೈಟ್‌ನಲ್ಲಿ.

ಮೊದಲು ಪೋರ್ಟಲ್‌ನಲ್ಲಿ ನೋಂದಣಿ. ಪ್ಯಾನ್, ಜಿಎಸ್‌ಟಿ ಇದ್ದರೆ ಕಷ್ಟವೇನಿಲ್ಲ. ಜೊತೆಗೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಅದರ ಟೋಕನ್ (ಸಹಿ ಇರುವ ಪೆನ್‌ಡ್ರೈವ್‌ನಂಥ ಸಾಧನ) ನಿಮ್ಮ ಹತ್ತಿರವೇ ಇರಲಿ. ಸೈಬರ್ ಸೆಂಟರ್‌ನವರ ಡ್ರಾಯರ್‌ನಲ್ಲಿ ಬಿಟ್ಟು ಬರುವುದು ಸಹಿ ಹಾಕಿದ ಖಾಲಿ ಚೆಕ್ ಬಿಟ್ಟು ಬಂದ ಹಾಗೆ.

ಆಮೇಲೆ ಟೆಂಡರ್ ದಾಖಲೆ ಪೂರ್ತಿ ಓದಿ. ಅನುಮಾನವಿದ್ದರೆ ಟೆಂಡರ್ ಹಾಕುವ ಮೊದಲು ನಡೆಯುವ ಪ್ರಿ-ಬಿಡ್ ಸಭೆಯಲ್ಲೇ ಕೇಳಿ.

ಎಡವುವುದು ಇನ್ನು ಮುಂದೆ. ಎರಡು ಕವರ್‌ನ ಟೆಂಡರ್‌ನಲ್ಲಿ ಮೊದಲು ಕಾಗದಪತ್ರಗಳಿರುವ ತಾಂತ್ರಿಕ ಕವರ್ ತೆರೆಯುತ್ತಾರೆ. ಅದರಲ್ಲಿ ಪಾಸಾದವರದ್ದು ಮಾತ್ರ ರೇಟಿನ ಕವರ್. ಅನುಭವಕ್ಕೆ ಪುರಾವೆ ಕೇಳಿದರೆ ಜನ ವರ್ಕ್ ಆರ್ಡರ್ ಹಾಕಿ ಕೂರುತ್ತಾರೆ. ವರ್ಕ್ ಆರ್ಡರ್ ಅಂದ್ರೆ ಕೆಲಸ ಸಿಕ್ಕಿತು ಅಂತ ಅಷ್ಟೇ, ಮುಗಿಸಿದ್ದೀರಿ ಅಂತಲ್ಲ. ಮಾಲು ತಗೊಂಡವರಿಂದ ಪೂರೈಕೆ ಪ್ರಮಾಣಪತ್ರ ಬರೆಸಿಕೊಳ್ಳಿ. ಅದರಲ್ಲಿ ಸಾಮಾನು, ಸಂಖ್ಯೆ, ಮೊತ್ತ, ತಾರೀಕು ನಾಲ್ಕೂ ಇರಲಿ. ವಹಿವಾಟಿನ ಬಗ್ಗೆ ಸಿಎ ಕೊಡುವ ಪತ್ರದಲ್ಲಿ 18 ಅಂಕಿ-ಅಕ್ಷರಗಳ ಯುಡಿಐಎನ್ (ಆ ಪತ್ರದ ಗುರುತಿನ ಸಂಖ್ಯೆ) ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಕಳಿಸಿ. ನಿಮ್ಮ ಸಂಸ್ಥೆಯ ಹೆಸರು ಜಿಎಸ್‌ಟಿಯಲ್ಲಿ ‘ಎಂಟರ್‌ಪ್ರೈಸಸ್’, ಬ್ಯಾಂಕ್ ಖಾತೆಯಲ್ಲಿ ‘ಇಂಡಸ್ಟ್ರೀಸ್’ ಅಂತಿದ್ದರೆ ಟೆಂಡರ್ ಬರುವ ಮೊದಲೇ ಸರಿಪಡಿಸಿ. ಫೋನಿನ ಪುಕ್ಕಟೆ ಸ್ಕ್ಯಾನ್ ಆ್ಯಪ್‌ಗಳಂತೂ ಬೇಡವೇ ಬೇಡ, ಸೀಲಿನ ಮೇಲೇ ಅವರ ಜಾಹೀರಾತು ಬಿದ್ದಿರುತ್ತೆ. ಇನ್ನೊಂದು, ರೇಟು ಇರುವ ಕೊಟೇಶನ್ನನ್ನು ಅಪ್ಪಿತಪ್ಪಿಯೂ ಈ ಕವರ್‌ಗೆ ಸೇರಿಸಬೇಡಿ. ತಿರಸ್ಕಾರಕ್ಕೆ ಅದೊಂದೇ ಸಾಕು.

ರೇಟು ತುಂಬುವುದು ಐದು ನಿಮಿಷದ ಕೆಲಸ. ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಮಾತ್ರ ನೋಡಿಕೊಳ್ಳಿ.

ಇಎಂಡಿ ಹಣವನ್ನು (ಟೆಂಡರ್ ಜೊತೆ ಕಟ್ಟುವ ಠೇವಣಿ) ಎರಡು ದಿನ ಮುಂಚೆಯೇ ಕಟ್ಟಿ. ಬ್ಯಾಂಕಿನಿಂದ ಹೋದ ಹಣ ಪೋರ್ಟಲ್‌ನಲ್ಲಿ ಕಾಣಿಸಲು ಹೊತ್ತು ಹಿಡಿಯಬಹುದು. ಟೆಂಡರ್ ಸಿಗದಿದ್ದರೆ ಅದು ವಾಪಸ್ ಬರುತ್ತೆ. ಗೆದ್ದ ಮೇಲೆ ಹಿಂದೆ ಸರಿದರೆ ಹೋಯ್ತು ಅಂತಲೇ ಲೆಕ್ಕ. ‘ಆಫೀಸಿನಲ್ಲಿ ನಮ್ಮವರಿದ್ದಾರೆ’ ಅನ್ನುವ ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಬೇರೆಯವರ ಟೆಂಡರ್ ಒಪ್ಪಿದ ಆದೇಶದಿಂದ ನಿಮಗೆ ಅನ್ಯಾಯವಾಗಿದೆ ಅನಿಸಿದರೆ ಕೆಟಿಪಿಪಿ ಕಾಯ್ದೆಯ ಕಲಂ 16ರ ಅಡಿ ಮೇಲ್ಮನವಿ ಹಾಕಬಹುದು. ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಟೆಂಡರ್ ಒಪ್ಪಿದ್ದು ಸರ್ಕಾರವೇ ಆಗಿದ್ದರೆ ಈ ದಾರಿ ಇಲ್ಲ.