ಸಂಪಿನ ಮಣ್ಣಲ್ಲೇ ಮನೆ: ನನ್ನ ಅನುಭವ

ಕೋಲಾರದ ಟಮಕದ ಆಚೆ, ಸುಡದೆ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ನನ್ನ ಸ್ವಂತ ಮನೆಯ ಹೊರಗೋಡೆಗೆ ಪ್ಲಾಸ್ಟರ್ ಇಲ್ಲ. ಮೂರು ಮಳೆಗಾಲ ಆಯಿತು, ಒಂದು ಇಟ್ಟಿಗೆಯೂ ಕರಗಿಲ್ಲ. "ಆರ್ಕಿಟೆಕ್ಟ್ ಅಳಿಯ ಹುತ್ತ ಕಟ್ತಾನಂತೆ" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದ ನಮ್ಮ ಮಾವನವರು ಈಗ ನೆಂಟರನ್ನು ಕರೆತಂದು ಗೋಡೆ ಸವರಿಸಿ ತೋರಿಸುತ್ತಾರೆ.

ಪಾಯ ಮತ್ತು ಸಂಪು ತೋಡಿದ ಮಣ್ಣೇ ಸಾಕಾಯಿತು. ಕಷ್ಟ ಕೊಟ್ಟಿದ್ದು ಅದರ ಜೇಡಿ. ಎಲ್ಲರೂ ಹಾಕುವ ಹಾಗೆ ಶೇ. 7 ಸಿಮೆಂಟ್ ಹಾಕಿ ಮರ್ದಿನಿ ಮಷೀನಿನಲ್ಲಿ (ಕೈಯಿಂದ ಇಟ್ಟಿಗೆ ಒತ್ತುವ ಯಂತ್ರ) ಒತ್ತಿದ ಮೊದಲ ಲಾಟು, ಏಳೆಂಟುನೂರು ಇರಬೇಕು, ಒಣಗುತ್ತಲೇ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ರಾತ್ರಿ ನೆನೆಹಾಕಿದ್ದನ್ನು ಬೆಳಿಗ್ಗೆ ಎತ್ತಿದರೆ ಮೂಲೆ ಕೈಗೇ ಬಂತು. ಹದಿನೈದು ಸಾವಿರ ಅಕ್ಷರಶಃ ಮಣ್ಣುಪಾಲು. "ಸಿಮೆಂಟ್ ಏರಿಸಿ ಸಾರ್" ಅಂದರು ಮೇಸ್ತ್ರಿ. ಏರಿಸಲಿಲ್ಲ. ಎರಡು ಬಾಂಡ್ಲಿ ಮಣ್ಣಿಗೆ ಒಂದಕ್ಕಿಂತ ತುಸು ಜಾಸ್ತಿ ಕ್ವಾರಿ ಡಸ್ಟ್ (ಕಲ್ಲುಪುಡಿ) ಸೇರಿಸಿ, ಮೂರು ವಾರ ಗೋಣಿತಟ್ಟು ಹೊದಿಸಿ ನೀರುಣಿಸಿದೆ. ಈ ಸಲ ಎರಡು ಇಟ್ಟಿಗೆ ತಾಕಿಸಿದರೆ ಟಣ್ ಅಂದವು. ಪಶ್ಚಿಮದ ಗೋಡೆಗೆ ಒಂದು ದ್ರಾವಣವನ್ನೂ ಬಳಿದೆ; ಅದರಲ್ಲಿ ಏನೇನಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಇಟ್ಟಿಗೆಯಲ್ಲೇ ದುಡ್ಡು ಉಳಿಯುತ್ತೆ ಅಂದುಕೊಳ್ಳಬೇಡಿ. ಒಂದಕ್ಕೆ 26 ರೂಪಾಯಿ ಬಿತ್ತು. ಗಾತ್ರದಲ್ಲಿ ಅದು ಎರಡೂವರೆ ಸುಟ್ಟ ಇಟ್ಟಿಗೆಗೆ ಸಮ, ಅಂದರೆ ಹೆಚ್ಚುಕಮ್ಮಿ ಅದೇ ರೇಟು. ಮಷೀನ್ ಒತ್ತುವ ವಯಸ್ಸಿನ ಹುಡುಗರೆಲ್ಲ ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ, ಕೂಲಿ ಇಳಿಯುವ ಮಾತೇ ಇಲ್ಲ. ದುಡ್ಡು ಉಳಿದದ್ದು ಪ್ಲಾಸ್ಟರ್, ಪುಟ್ಟಿ, ಪೇಂಟಿನಲ್ಲಿ: ಎರಡೂವರೆ, ಮೂರು ಲಕ್ಷ.

ಹಾಲ್‌ನ ಛಾವಣಿಗೆ ಫಿಲ್ಲರ್ ಸ್ಲ್ಯಾಬ್, ಅಂದರೆ ನಡುನಡುವೆ ಹೆಂಚು ಇಟ್ಟು ಕಾಂಕ್ರೀಟ್ ಉಳಿಸುವ ತಾರಸಿ. ಪೇಟೆಯಲ್ಲಿ ಕೆಡವಿದ ಮನೆಯೊಂದರ ಮಂಗಳೂರು ಹೆಂಚು, ಒಂದಕ್ಕೆ ಏಳು ರೂಪಾಯಿ. ಕಾಂಕ್ರೀಟ್ ಹಾಕುವ ಮುಂಚೆ ಹೆಂಚನ್ನು ಚೆನ್ನಾಗಿ ನೆನೆಸಿ, ಇಲ್ಲದಿದ್ದರೆ ಕಾಂಕ್ರೀಟಿನ ನೀರೆಲ್ಲ ಅದೇ ಕುಡಿದುಬಿಡುತ್ತೆ.

ನಡುವೆ ಒಂದು ಚಪಲ: ಹಿತ್ತಲ ಬಚ್ಚಲಿನ ಸೂರಿಗೆ ಅಜ್ಜಿ ಮನೆಯ ಥರ ಬರೀ ಕಲ್ಲುಚಪ್ಪಡಿ ಹಾಸಿದೆ. ಸಂದಿಗೆ ಎಷ್ಟು ಗಾರೆ ತುಂಬಿದರೂ ಸೋರಿತು, ಕೊನೆಗೆ ಮೇಲೆ ಶೀಟು. ಅದೇ ಚಪ್ಪಡಿ ಸಜ್ಜಾಕ್ಕೆ, ಅಡುಗೆಮನೆ ಕಪಾಟಿಗೆ ಬಂಗಾರ.

ಹನ್ನೆರಡು ಚದರದ ತಾರಸಿ, ಇಲ್ಲಿಯ 700 ಚಿಲ್ಲರೆ ಮಿ.ಮೀ. ಮಳೆ; ಒಂದಿಷ್ಟು ಪೋಲಾದರೂ ವರ್ಷಕ್ಕೆ 70 ಸಾವಿರ ಲೀಟರ್ ಸಂಪಿಗೆ ಇಳಿಯುತ್ತೆ. ಸಾವಿರ ಅಡಿ ಬೋರ್ ಕೊರೆಸುವ ಊರಲ್ಲಿ ಇದು ಕಮ್ಮಿಯೇನಲ್ಲ.

ಎಲ್ಲ ಸೇರಿ ಚದರಕ್ಕೆ ಒಂದು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು. ಆಗ ಕಂಟ್ರಾಕ್ಟರುಗಳು ಎರಡು ಲಕ್ಷಕ್ಕಿಂತ ಕೆಳಗೆ ಮಾತೇ ಆಡುತ್ತಿರಲಿಲ್ಲ.